ವ್ಯಾಟ್ ಅಷ್ಟೇ, ಆಟ ಬೇರೆ: 1060 ತೆಗೆದು 4060 ಹಾಕಿದ ಅನುಭವ

ಪಿಸಿಯಿಂದ 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ ತೆಗೆದು ಆರ್‌ಟಿಎಕ್ಸ್ 4060 ಹಾಕಿದ ಮೇಲೆ ಎಲ್ಲರೂ ಕೇಳಿದ್ದು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳು) ಎಷ್ಟು ಏರಿತು ಅಂತ. ದೊಡ್ಡ ಗೇಮ್‌ಗಳಲ್ಲಿ ಎರಡು ಪಟ್ಟಿಗೂ ಜಾಸ್ತಿ. ಆದರೆ ಕಲಬುರಗಿಯಲ್ಲಿ ಕೂತು ಆಡುವವರು ಇನ್ನೊಂದು ಲೆಕ್ಕ ನೋಡಬೇಕು. 2016ರ 1060 ಎಳೆಯುವುದು 120 ವ್ಯಾಟ್. 2023ರ 4060 ಎಳೆಯುವುದು 115. ಅಂದರೆ ಪಿಸಿಗೆ ಕರೆಂಟ್ ಕೊಡುವ ಹಳೇ ಎಸ್‌ಎಂಪಿಎಸ್ ಸಾಕು, ಇನ್ವರ್ಟರ್ ಮೇಲೂ ಹೊಸ ಭಾರವಿಲ್ಲ.

ಕಾರ್ಡ್ ತರಲು ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ ಸಿಟಿಸಿಗೆ ಹೋಗಿದ್ದೆ. ನಮ್ಮ ಕಡೆಯವರು ಕಂಪ್ಯೂಟರ್ ಸಾಮಾನಿಗೆ ಹೋಗುವುದೇ ಅಲ್ಲಿಗೆ. ಜೊತೆಗಿದ್ದ ಗೆಳೆಯ ತಡೆದ: "ನಿಂದು 192 ಬಿಟ್ ಅದ, ಇದು ಬರೀ 128. ಯಾಕ್ ತೊಗೊಳ್ತಿ?" ಬಿಟ್ ಅಂದರೆ ಮೆಮೊರಿಗೆ ಹೋಗುವ ದಾರಿಯ ಅಗಲ. ಅದೊಂದನ್ನೇ ನೋಡಿದರೆ ಅವನು ಹೇಳಿದ್ದು ಸರಿ. ಆದರೆ 1060ರ ಮೆಮೊರಿ ಜಿಡಿಡಿಆರ್5, ಸೆಕೆಂಡಿಗೆ 192 ಜಿಬಿ. 4060ರದ್ದು ಜಿಡಿಡಿಆರ್6, ದಾರಿ ಕಿರಿದಾದರೂ 272 ಜಿಬಿ ಸಾಗುತ್ತದೆ. ಮೇಲೆ ಚಿಪ್ಪಿನೊಳಗೇ ಇರುವ ಚಿಕ್ಕ, ವೇಗದ ಮೆಮೊರಿ, ಎಲ್2 ಕ್ಯಾಶ್, 1.5 ಎಂಬಿಯಿಂದ 24 ಎಂಬಿಗೆ ಏರಿದೆ. ಹಾಗಾಗಿ ಪದೇ ಪದೇ ಮೆಮೊರಿಗೆ ಓಡುವ ಕೆಲಸವೂ ಕಡಿಮೆ.

ಹೋಲಿಸಿದ್ದು ಹೀಗೆ. ಪಿಸಿ ಅದೇ, ಪ್ರೊಸೆಸರ್ ಐ5-8400. ಡಿಡಿಯು ಎಂಬ ತಂತ್ರಾಂಶ ಹಾಕಿ ಹಳೇ ಡ್ರೈವರ್ ಪೂರ್ತಿ ಅಳಿಸಿದೆ. ಫ್ರೇಮ್‌ಗಳನ್ನು ಮಾನಿಟರ್ ವೇಗಕ್ಕೆ ಕಟ್ಟುವ ವಿ-ಸಿಂಕ್ ಆಫ್. ಸೈಬರ್‌ಪಂಕ್ 2077ರಲ್ಲೇ ಇರುವ ಬೆಂಚ್‌ಮಾರ್ಕ್ ಓಡಿಸಿ, ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ 1% ಲೋ (ಅತಿ ನಿಧಾನವಾದ ಶೇ. 1 ಫ್ರೇಮ್‌ಗಳ ವೇಗ) ಬರೆದುಕೊಂಡೆ. ಮೊದಲ ಓಟದ ಅಂಕಿ ಬಿಟ್ಟುಬಿಡಿ, ಆಗ ಶೇಡರ್ (ಬೆಳಕು-ಬಣ್ಣ ಮೂಡಿಸುವ ಚಿಕ್ಕ ಪ್ರೋಗ್ರಾಂ) ತುಂಬಿಕೊಳ್ಳುತ್ತಿರುತ್ತದೆ. ಸರಾಸರಿಗಿಂತ ಈ 1% ಲೋ ಮುಖ್ಯ. ಜಗಳದ ನಡುವೆ ಪರದೆ ತಡವರಿಸಿದರೆ ಸರಾಸರಿ ಎಷ್ಟಿದ್ದು ಏನು ಪ್ರಯೋಜನ? 1080ಪಿ, ಹೈ ಸೆಟ್ಟಿಂಗ್‌ನಲ್ಲಿ 1060 ಅರವತ್ತು ಎಫ್‌ಪಿಎಸ್ ಮುಟ್ಟಲೇ ಇಲ್ಲ. 4060 ಸಲೀಸಾಗಿ ದಾಟಿತು.

ವ್ಯಾಲರಂಟ್ ಗೇಮ್‌ನಲ್ಲಿ ಮಾತ್ರ ಎಫ್‌ಪಿಎಸ್ ಹೆಚ್ಚು ಕಡಿಮೆ ಮೊದಲಿನಷ್ಟೇ. ಅಲ್ಲಿ ಮಿತಿ ಹಾಕಿದ್ದು ನನ್ನ ಪ್ರೊಸೆಸರ್. ಹೊಸ ಕಾರ್ಡ್ ಅರ್ಧ ಕೆಲಸವೂ ಇಲ್ಲದೆ ಸುಮ್ನೆ ಕೂತಿತ್ತು. ಬರೀ ವ್ಯಾಲರಂಟ್ ಆಡುವವರು ಕಾರ್ಡಿಗೆ ದುಡ್ಡು ಹಾಕಬೇಡಿ.

ಇನ್ನು ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಕಾರ್ಡ್ ಎಳೆದ ಪ್ರತಿ ವ್ಯಾಟ್ ಕೊನೆಗೆ ರೂಮಿನ ಶಾಖವೇ. ನನ್ನ ಮಾನಿಟರ್ 75 ಹರ್ಟ್ಜ್, ಅದಕ್ಕೇ ಫ್ರೇಮ್ ಅನ್ನು 75ಕ್ಕೆ ಕಟ್ಟಿಹಾಕಿದೆ. 1060 ಅಷ್ಟು ಮುಟ್ಟಲೂ ಆಗದೆ ಪೂರ್ತಿ 120 ವ್ಯಾಟ್ ಉರಿಸುತ್ತಿತ್ತು. 4060 ಆ 75 ಫ್ರೇಮ್‌ಗಳನ್ನು ಕಡಿಮೆ ವ್ಯಾಟ್‌ನಲ್ಲೇ ಕೊಡುತ್ತದೆ, ಫ್ಯಾನ್ ಸದ್ದೂ ತಗ್ಗಿತು. ಈ ಕಾರ್ಡಿನಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಅಂದಹಾಗೆ, ಏರ್ ಕೂಲರ್ ಗಾಳಿಯನ್ನು ನೇರ ಕ್ಯಾಬಿನೆಟ್‌ಗೆ ಬಿಡಬೇಡಿ. ತೇವಕ್ಕೆ ಧೂಳು ಮೆತ್ತಿಕೊಂಡು ಹೀಟ್‌ಸಿಂಕ್ ಕಟ್ಟಿಕೊಳ್ಳುತ್ತದೆ. ಕ್ಯಾಬಿನೆಟ್ ಅನ್ನು ಶಹಾಬಾದ್ ಕಲ್ಲಿನ ನೆಲದ ಮೇಲೂ ಇಡದೆ ಎತ್ತರಕ್ಕೆ ಇಡಿ.

ಸೆಕೆಂಡ್ ಹ್ಯಾಂಡ್ 1080 ಟಿಐ ಯಾಕೆ ಬೇಡ ಅಂದೆ? 2017ರ ಆ ಕಾರ್ಡಿಗೆ 11 ಜಿಬಿ ಇದೆ, ಬಲವೂ ಇದೆ, ಒಪ್ಪಿದೆ. ಆದರೆ 250 ವ್ಯಾಟ್. ಬೆಳಕಿನ ಕಿರಣಗಳ ಲೆಕ್ಕ ಹಾಕುವ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲ, ಹಾಗಾಗಿ 2025ರ ಡೂಮ್: ದ ಡಾರ್ಕ್ ಏಜಸ್‌ನಂಥ ಗೇಮ್ ನಡೆಯುವುದಿಲ್ಲ. ಚಿಕ್ಕ ಚಿತ್ರವನ್ನು ದೊಡ್ಡದು ಮಾಡಿ ಎಫ್‌ಪಿಎಸ್ ಏರಿಸುವ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಕೂಡ ಇಲ್ಲ, ಎಎಂಡಿಯ ಎಫ್‌ಎಸ್‌ಆರ್‌ನಲ್ಲೇ ತೃಪ್ತಿಪಡಬೇಕು. 1060, 1080 ಟಿಐ ಸೇರಿದ ಪ್ಯಾಸ್ಕಲ್ ಪೀಳಿಗೆಯ ಕಾರ್ಡುಗಳಿಗೆ ಹೊಸ ಗೇಮ್‌ಗಳ ಡ್ರೈವರ್ ಕೊಡುವುದನ್ನೂ ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ಮುಗಿಸಿದೆ.

4060ರಲ್ಲಿ ಕೊರತೆ ಇಲ್ಲ ಅಂತಲ್ಲ. ಕಾರ್ಡ್ ಮತ್ತು ಬೋರ್ಡಿನ ನಡುವಿನ ದಾರಿಗಳು, ಅಂದರೆ ಪಿಸಿಐಇ ಲೇನ್, ಎಂಟೇ. ನನ್ನದರಂಥ ಹಳೇ ಪಿಸಿಐಇ 3.0 ಬೋರ್ಡಿನಲ್ಲಿ ಕಾರ್ಡಿನ 8 ಜಿಬಿ ಮೆಮೊರಿ ತುಂಬಿ ಹರಿದರೆ ರ‍್ಯಾಮ್‌ನಿಂದ ತರುವ ದಾರಿ ಸಾಲದು, ತಡವರಿಕೆ ಶುರುವಾಗುತ್ತದೆ. ಹಾಗೇನಾದರೂ ಕಂಡರೆ ಮೊದಲು ಟೆಕ್ಸ್ಚರ್ ಒಂದು ಹಂತ ಇಳಿಸಿ. ಉಳಿದದ್ದನ್ನು ಮುಟ್ಟುವ ಅಗತ್ಯ ನನಗಂತೂ ಬಂದಿಲ್ಲ.