ಆಪರೇಷನ್ನಿನ ಮಾರನೇ ದಿನ ಅಜ್ಜಿಯನ್ನು ನಿಲ್ಲಿಸಿದ್ದು

ನಾನು ಫಿಸಿಯೋಥೆರಪಿಸ್ಟ್. ಸೊಂಟ ಮುರಿದವರನ್ನು ಎಬ್ಬಿಸಿ ನಡೆಸುವುದೇ ನನ್ನ ಹೆಚ್ಚಿನ ಕೆಲಸ. ಈ ಅಜ್ಜಿಗೆ 78. ರಾತ್ರಿ ಬಚ್ಚಲಿಗೆ ಎದ್ದವರು ಹೊಸ್ತಿಲು ಎಡವಿ ಬಿದ್ದರು. ಬಲಗಾಲು ಗಿಡ್ಡವಾಗಿ, ಪಾದ ಹೊರಕ್ಕೆ ಹೊರಳಿತ್ತು. ಮನೆಯವರು ನಾಟಿ ಕಟ್ಟು ಹಾಕಿಸಿ ಒಂದು ದಿನ ಕಳೆದುಬಿಟ್ಟಿದ್ದರು. ಆದರೆ ಮುರಿದಿದ್ದು ತೊಡೆಮೂಳೆಯ ಕತ್ತು, ಅಂದರೆ ಸೊಂಟದ ಕೀಲಿನಲ್ಲಿ ಕೂರುವ ಗುಂಡು ತಲೆಯ ಕೆಳಗಿನ ಸಪೂರ ಭಾಗ. ಅಲ್ಲಿ ಮೂಳೆ ಸರಿದರೆ ಅದರ ತಲೆಗೆ ರಕ್ತ ಒಯ್ಯುವ ಸಣ್ಣ ನಾಳಗಳೂ ಹರಿಯುತ್ತವೆ, ಹೊರಗಿನಿಂದ ಎಷ್ಟು ಬಿಗಿದು ಕಟ್ಟಿದರೂ ಪ್ರಯೋಜನವಿಲ್ಲ. ಸರ್ಜನ್ ಆ ತಲೆಯನ್ನೇ ತೆಗೆದು ಲೋಹದ ಗುಂಡು ಕೂರಿಸಿದರು.

ಮಾರನೇ ಬೆಳಿಗ್ಗೆ ನಾನು ಹೋದಾಗ ಮಗ ಅಡ್ಡ ನಿಂತರು. "ಮೂರು ತಿಂಗಳು ಮಲಗಿರಲಿ ಮೇಡಂ, ಈ ವಯಸ್ಸಲ್ಲಿ ಯಾಕೆ ಹಿಂಸೆ?" ಅವರನ್ನು ಹೊರಗೆ ಕರೆದು ಹೇಳಿದೆ: ಮಲಗಿಸಿದರೇ ನಿಮೋನಿಯಾ, ಬೆನ್ನ ಹುಣ್ಣು, ಕಾಲಿನ ನಾಳದಲ್ಲಿ ಹೆಪ್ಪು. ಸೊಂಟ ಮುರಿದ ವೃದ್ಧರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಅಜ್ಜಿಯ ಎದುರು ಇದನ್ನೆಲ್ಲ ಹೇಳಲಾಗುತ್ತದೆಯೇ?

ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆ ಕಾದು, ಮಂಚದ ಅಂಚಿಗೆ ಕೂರಿಸಿದೆ. ತಲೆ ಸುತ್ತು ಅಂದರು, ಬಿಪಿ ಇಳಿದಿತ್ತು. ಮಲಗಿಸಿದೆ. ಮಧ್ಯಾಹ್ನ ಮತ್ತೆ ಪ್ರಯತ್ನ. ಮನೆಯವರು ತಂದ ವಾಕರ್ ಎತ್ತರವಾಗಿ ಅಜ್ಜಿಯ ಭುಜ ಕಿವಿಗೆ ತಾಗುವಂತಿತ್ತು. ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರುವಂತೆ ಇಳಿಸಿದೆ. ಮೊದಲು ವಾಕರ್, ಆಮೇಲೆ ನೋವಿನ ಕಾಲು, ಕೊನೆಗೆ ಒಳ್ಳೆ ಕಾಲು. ನಾಲ್ಕು ಹೆಜ್ಜೆ. ಬೈಗುಳ ಅದಕ್ಕಿಂತ ಹೆಚ್ಚು.

ಅಂದು ರಾತ್ರಿ ಅಜ್ಜಿ ತೀರಿಹೋದ ಗಂಡನನ್ನು ಕರೆಯುತ್ತಾ ಡ್ರಿಪ್ ಕಿತ್ತೆಸೆದರು. ಅರುಳುಮರುಳು ಶುರುವಾಯಿತೆಂದು ಸೊಸೆ ಅತ್ತರು. ಈ ವಯಸ್ಸಿನವರಿಗೆ ಆಪರೇಷನ್ ನಂತರ ಇಂಥ ಗೊಂದಲ ಆಗುವುದುಂಟು, ಬಹಳಷ್ಟು ಸಲ ಇಳಿಯುತ್ತದೆ. ಇಲ್ಲಿ ನನ್ನದೂ ಒಂದು ತಪ್ಪು. ಬಿದ್ದಾಗ ಕಳಚಿದ ಕನ್ನಡಕ ಮನೆಯಲ್ಲೇ ಉಳಿದಿತ್ತು, ನಾನು ಕೇಳಿರಲೇ ಇಲ್ಲ. ಕಣ್ಣು ಸರಿಯಾಗಿ ಕಾಣದೆ, ಹಗಲು ರಾತ್ರಿ ತಿಳಿಯದಿದ್ದರೆ ಗೊಂದಲ ಹೆಚ್ಚುತ್ತದೆ. ಕನ್ನಡಕ ತರಿಸಿ, ಮಂಚವನ್ನು ಕಿಟಕಿ ಕಡೆ ತಿರುಗಿಸಿದೆವು. ಎರಡು ದಿನದಲ್ಲಿ ಮೊಮ್ಮಗಳ ಹೆಸರು ಸರಿಯಾಗಿ ಹೇಳಿದರು.

ಮನೆಗೆ ಹೋಗುವಾಗ ಕೀಲು ಜಾರದಂತೆ ಕುಕ್ಕರಗಾಲು, ಚಕ್ಕಳಮಕ್ಕಳ ಎರಡೂ ಬೇಡವೆಂದೆ. ಕಮೋಡ್ ಕುರ್ಚಿಗೆ ಒಪ್ಪಿದರು, ನೆಲದಲ್ಲಿ ಕೂತು ಹೂ ಕಟ್ಟುವುದನ್ನು ಬಿಡಲು ಮಾತ್ರ ಒಪ್ಪಲಿಲ್ಲ. ಕೊನೆಗೆ ಎತ್ತರದ ಕುರ್ಚಿ, ಮುಂದೊಂದು ಮೇಜು. ಮೂಳೆ ಗಟ್ಟಿಯಾಗಲು ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಕೇಳಿ ಎಂದು ಮಗನಿಗೆ ಎರಡು ಸಲ ನೆನಪಿಸಿದೆ. ಒಮ್ಮೆ ಮುರಿದವರಿಗೆ ಇನ್ನೊಂದು ಕಡೆಯೂ ಮುರಿಯುವ ಭಯ ಇದ್ದೇ ಇರುತ್ತದೆ.

ಆರು ವಾರದ ನಂತರ ಮನೆಗೆ ಹೋದೆ. ಕಣ್ಣಿಗೆ ಕಾಣಲೆಂದು ಬಚ್ಚಲ ಹೊಸ್ತಿಲಿಗೆ ಹಳದಿ ಬಣ್ಣ ಬಳಿದಿದ್ದರು. ಅಜ್ಜಿ ವಾಕರ್ ಹಿಡಿದು ಅಲ್ಲೇ ನಿಂತು, ಬಣ್ಣ ವಕ್ರವಾಗಿದೆ ಎಂದು ಮಗನನ್ನು ಗದರುತ್ತಿದ್ದರು.