ಇಂಗಳದಾಳ್ ಸುತ್ತ ಹಳೇ ಗಣಿಯ ಗುರುತು ಹುಡುಕಿದ್ದು

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳು ಸಿಕ್ಕಿವೆ. ರೋಮ್‌ನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದ್ದರು. ಇತ್ತ ಚಿತ್ರದುರ್ಗದ ಹತ್ತಿರವೇ ಇರುವ ಇಂಗಳದಾಳ್‌ನ ತಾಮ್ರದ ಅದಿರಿನ ಜೊತೆ ಗೆಲೀನಾ, ಅಂದರೆ ಸೀಸದ ಅದಿರೂ ಸ್ವಲ್ಪ ಇದೆ. ಹಳೇ ಗಣಿಗುಂಡಿಗಳೂ ಇವೆ. ಇಷ್ಟಿದ್ದರೆ 'ನಾಣ್ಯದ ಸೀಸ ಇಲ್ಲಿಯದೇ' ಎಂದು ಹೇಳಿಬಿಡೋಕೆ ಮನಸ್ಸಾಗುತ್ತದೆ, ಅಲ್ವಾ? ನಾನು ಹೇಳೋದಿಲ್ಲ. ಗುಂಡಿ ಒಂದೇ ಸಾಕ್ಷಿ ಅಲ್ಲ, ಅದಿರು ಕರಗಿಸಿದ ಜಾಗವೂ ಸಿಗಬೇಕು.

ನಾನು ಹೋಗೋದು ಬೇಸಿಗೆಯಲ್ಲಿ, ಹುಲ್ಲು ಒಣಗಿ ನೆಲ ಕಾಣುವಾಗ. ಮೊದಲು ಕುರಿ ಮೇಯಿಸುವವರನ್ನು ಕೇಳುತ್ತೇನೆ: "ಯಜಮಾನ್ರೇ, ಕರ್ರಗೆ, ಕೈಗೆ ಭಾರ ಅನ್ನಿಸೋ ಕಲ್ಲು ಎಲ್ಲಾದ್ರೂ ಬಿದ್ದಿದಾವಾ?" ಬೆಟ್ಟದ ಮೂಲೆ ಮೂಲೆ ಅವರಿಗೆ ಗೊತ್ತು.

ಗುಂಡಿ ಸಿಕ್ಕರೆ ಹೊರಗೇ ನಿಂತು ಗೋಡೆ ನೋಡುತ್ತೇನೆ. ಉದ್ದಕ್ಕೆ ಕೊರೆದ ದುಂಡನೆ ಗೀರು ಇದ್ದರೆ ಅದು ಸಿಡಿಮದ್ದಿನ ಕಾಲದ್ದು. ಬೆಂಕಿ ಹಾಕಿ ಬಂಡೆ ಒಡೆದ ಕಡೆ ಗೋಡೆ ನುಣುಪಾಗಿ, ಒಳಕ್ಕೆ ಬಾಗಿರುತ್ತದೆ. ಒಳಗೆ ಮಾತ್ರ ಇಳಿಯಬೇಡಿ, ಗಾಳಿ ಇರೋದಿಲ್ಲ.

ಆಮೇಲೆ ಕಿಟ್ಟ, ಅಂದರೆ ಅದಿರು ಕರಗಿಸಿದಾಗ ಉಳಿಯುವ ಕಸ. ಕುರಿಯವರನ್ನು ಕೇಳಿದ ಕರ್ರಗಿನ ಕಲ್ಲು ಇದೇ. ಹರಿದು ಗಟ್ಟಿಯಾದ ಅಲೆಯಂಥ ಗೆರೆಗಳಿದ್ದರೆ ಕುಲುಮೆಯದು. ಹಸಿರು ಕಲೆ ಇದ್ದರೆ ತಾಮ್ರದ ಸುಳಿವು.

ಬೆಳ್ಳಿಯ ಸುಳಿವು ಬೇರೆ. ಗೆಲೀನಾದೊಳಗೆ ಎಷ್ಟೋ ಸಲ ಸ್ವಲ್ಪ ಬೆಳ್ಳಿ ಅಡಗಿರುತ್ತದೆ. ಅದಿರು ಹುರಿದು, ಕರಗಿಸಿ ಸೀಸ ತೆಗೆಯುತ್ತಾರೆ. ಆ ಸೀಸವನ್ನು 900 ಡಿಗ್ರಿಗೂ ಜಾಸ್ತಿ ಶಾಖದಲ್ಲಿ ಗಾಳಿ ಊದುತ್ತಾ ಕಾಯಿಸಿದರೆ ಅದು ಲಿಥಾರ್ಜ್ ಎಂಬ ಹಳದಿ-ಕೆಂಪು ಆಕ್ಸೈಡ್ ಆಗಿ ಬೇರೆಯಾಗುತ್ತದೆ. ಬೆಳ್ಳಿ ಉಳಿಯುತ್ತದೆ. ಹಾಗಾಗಿ ಲಿಥಾರ್ಜ್ ತುಂಡು ಸಿಕ್ಕರೆ ದೊಡ್ಡ ಸಾಕ್ಷಿ. ರಾಜಸ್ಥಾನದ ದರೀಬಾದಲ್ಲಿ 2000 ವರ್ಷಕ್ಕೂ ಹಿಂದೆಯೇ ಸೀಸ, ಬೆಳ್ಳಿಗಾಗಿ ಆಳಕ್ಕೆ ಅಗೆದಿದ್ದರು. ಗಣಿಗೆ ಆಸರೆ ಕೊಟ್ಟ ಮರದ ತುಂಡುಗಳಿಂದಲೇ ಅದರ ಕಾಲ ಗೊತ್ತಾಗಿದ್ದು. ನಾನು ಇಲ್ಲಿ ತಿರುಗಿದ ಜಾಗಗಳಲ್ಲಿ ಲಿಥಾರ್ಜ್ ಕಂಡಿಲ್ಲ. ಅದಕ್ಕೇ ನನ್ನ ಟಿಪ್ಪಣಿಯಲ್ಲಿ ಎಲ್ಲೂ 'ಬೆಳ್ಳಿ ಗಣಿ' ಎಂದು ಬರೆದಿಲ್ಲ.

ನಾಣ್ಯದ ಸೀಸ ಯಾವ ಅದಿರಿನದು ಎಂದು ಹೇಳಬೇಕಾದರೆ ಐಸೋಟೋಪ್ ಪರೀಕ್ಷೆ ಬೇಕು. ಸೀಸದ ಪರಮಾಣುಗಳಲ್ಲಿ ತೂಕ ಬೇರೆ ಬೇರೆ ಇರುವ ಬಗೆಗಳೇ ಐಸೋಟೋಪ್; ನಾಣ್ಯದಲ್ಲಿ ಅವು ಯಾವ ಪ್ರಮಾಣದಲ್ಲಿವೆ ಎಂದು ಅಳೆದು, ಗಣಿಯ ಅದಿರಿನ ಪ್ರಮಾಣದ ಪಕ್ಕ ಇಟ್ಟು ನೋಡುತ್ತಾರೆ. ಅದು ಪ್ರಯೋಗಾಲಯದ ಕೆಲಸ.

ನಾನು ಕಿಟ್ಟ ಎತ್ತಿಕೊಂಡು ಬರೋದಿಲ್ಲ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಮೊಬೈಲ್‌ನಲ್ಲಿ ಜಾಗ ಗುರುತಿಸಿ ಪುರಾತತ್ವ ಇಲಾಖೆಗೆ ಕಳಿಸುತ್ತೇನೆ. ಕಿಟ್ಟ ಎಲ್ಲಿ ಬಿದ್ದಿತ್ತು, ಗುಂಡಿಗೆ ಎಷ್ಟು ದೂರ ಅನ್ನೋದೇ ಮುಖ್ಯ. ಮನೆಯ ಶೋಕೇಸ್‌ಗೆ ಬಂದ ಕಲ್ಲು ಅದನ್ನು ಹೇಳೋದಿಲ್ಲ. ಮುಟ್ಟಿದ್ದರೆ ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಸೀಸದ ಧೂಳು ವಿಷ.