ಬೆಟ್ಟ ಕೊಟ್ಟ ರುಚಿ ತೊಟ್ಟಿಯಲ್ಲಿ ಕೆಡದಿರಲಿ

ಸಾವಿರ ಮೀಟರ್‌ಗೂ ಮೇಲಿನ ತಂಪಿನಲ್ಲಿ, ಮರದ ನೆರಳಲ್ಲಿ ಅರೇಬಿಕಾ ಕಾಫಿ ಹಣ್ಣು ನಿಧಾನವಾಗಿ ಮಾಗುತ್ತದೆ. ಅದರಿಂದಲೇ ಬೀಜ ಗಟ್ಟಿ, ಪರಿಮಳ ಹೆಚ್ಚು, ನಾಲಿಗೆಗೆ ಹಿತವಾದ ಹುಳಿ. ತಗ್ಗಿನ ಬೆಚ್ಚನೆಯ ತೋಟಗಳ ರೋಬಸ್ಟಾ ಕಾಫಿ ಕಹಿ, ಡಿಕಾಕ್ಷನ್ ಗಟ್ಟಿ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಬೇರೆಬೇರೆಯಾಗಿಯೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ್ದು ಈ ನೆಲದ ಗುಣಕ್ಕೆ. ಇಷ್ಟೆಲ್ಲ ಇದ್ದೂ ಒಳ್ಳೆಯ ಹಣ್ಣು ಸಿಪ್ಪೆ ಬಿಡಿಸಿ ತೊಳೆಯುವ ಪಲ್ಪಿಂಗ್ ಮನೆಯಲ್ಲಿ ಹಾಳಾಗುವುದೇ ಹೆಚ್ಚು. ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಒಳಗಿನ ತೆಳು ಸಿಪ್ಪೆಯೊಂದಿಗೆ ಒಣಗಿಸಿದ ಬೀಜ, ಮಾಡುವ ಕ್ರಮ ಹೀಗಿದೆ.

ಕೆಂಪಗೆ ಮಾಗಿದ ಹಣ್ಣನ್ನಷ್ಟೇ ಕೊಯ್ಯಿರಿ. ಕಾಯಿ, ಅತಿಯಾಗಿ ಮಾಗಿ ಒಣಗಿದ್ದು ಬಂದಿದ್ದರೆ ಆರಿಸಿ ಚೆರ್ರಿಗೆ (ಇಡೀ ಹಣ್ಣಾಗಿಯೇ ಒಣಗಿಸುವ ಕಾಫಿಗೆ) ಹಾಕಿ. ಕೊಯ್ದ ದಿನವೇ ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಅಂದರೆ ಪಲ್ಪರ್‌ಗೆ ಕೊಡಿ; ಚೀಲದಲ್ಲೇ ರಾತ್ರಿ ಕಳೆದ ಹಣ್ಣು ಬಿಸಿಯೇರಿ ಹುಳಿಯುತ್ತದೆ. ಬೀಜಕ್ಕೆ ಗಾಯವಾಗುತ್ತಿದ್ದರೆ ಪಲ್ಪರ್ ಅಂತರ ತೀರ ಬಿಗಿಯಾಗಿದೆ ಎಂದರ್ಥ, ತಕ್ಷಣ ಸಡಿಲಿಸಿ.

ಇನ್ನು ತೊಟ್ಟಿ. ಬೀಜಕ್ಕೆ ಅಂಟಿದ ಲೋಳೆ ಇಲ್ಲಿ ಕೊಳೆತು ಕರಗಬೇಕು. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ ಬೇಕು. ಆದರೆ ಗಡಿಯಾರ ನೋಡಿ ತೊಳೆಯಬೇಡಿ. ಡಿಸೆಂಬರ್ ಚಳಿಯಲ್ಲಿ ತಡವಾಗುತ್ತದೆ, ಸೆಖೆಯಿದ್ದರೆ ಬೇಗ ಆಗುತ್ತದೆ. ಕೈಯನ್ನೇ ನಂಬಿ: ಒಂದು ಹಿಡಿ ಬೀಜ ತೆಗೆದು ನೀರಲ್ಲಿ ತೊಳೆದು ಅಂಗೈಯಲ್ಲಿ ಉಜ್ಜಿ. ಜಾರಿದರೆ ಇನ್ನೂ ಕಾಯಬೇಕು. ನದಿಯ ಸಣ್ಣ ಕಲ್ಲಿನಂತೆ ಗರಗರ ಎಂದರೆ ಆಯಿತು. ರಾಶಿಗೆ ಕೋಲು ಚುಚ್ಚಿ ಎಳೆದಾಗ ತೂತು ಮುಚ್ಚಿಕೊಳ್ಳದೆ ನಿಂತರೂ ಅದೇ ಗುರುತು. ಮಧ್ಯರಾತ್ರಿ ಹದ ಬಂದರೆ ಮಧ್ಯರಾತ್ರಿಯೇ ತೊಳೆಯಬೇಕು. ಬೆಳಗಿನವರೆಗೆ ಬಿಟ್ಟರೆ ಹುಳಿ ನಾತ ಬೀಜಕ್ಕೆ ಇಳಿಯುತ್ತದೆ, ಹುರಿದರೂ ಹೋಗದು. ಲೋಳೆ ಉಳಿಸಿ ತೊಳೆದರೂ ಕಷ್ಟವೇ: ಕಣದಲ್ಲಿ ತೇವ ಹೀರಿ ಬೂಸ್ಟು ಹಿಡಿಯುತ್ತದೆ. ನಿನ್ನೆಯ ತೊಟ್ಟಿಗೆ ಇವತ್ತಿನ ಬೀಜ ಸುರಿಯುವುದಂತೂ ಬೇಡವೇ ಬೇಡ. ಪಲ್ಪರ್ ಮೂಲೆಯಲ್ಲಿ, ಕಾಲುವೆಯಲ್ಲಿ ಸಿಕ್ಕಿಕೊಂಡ ಹಳೆಯ ನಾಲ್ಕು ಬೀಜ ಸಾಕು, ಇಡೀ ರಾಶಿಯ ರುಚಿ ಕೆಡಿಸಲು. ಹಾಗಾಗಿ ದಿನವೂ ಯಂತ್ರ ಬಿಚ್ಚಿ ತೊಳೆಯಿರಿ.

ರೋಬಸ್ಟಾದ ಲೋಳೆ ದಪ್ಪ, ಎರಡು ಮೂರು ದಿನ ಹಿಡಿಯುತ್ತದೆ. ಅದಕ್ಕೆ ಲೋಳೆ ತೆಗೆಯುವ ವಾಷರ್ ಯಂತ್ರ ಬಳಸಿದರೆ ಅಡ್ಡಿಯಿಲ್ಲ. ಅರೇಬಿಕಾಕ್ಕೆ ಮಾತ್ರ ತೊಟ್ಟಿಯೇ ಸರಿ.

ಮೂರು ನಾಲ್ಕು ನೀರಲ್ಲಿ ತೊಳೆದು, ತೇಲುವ ಜೊಳ್ಳು ತೆಗೆದು, ನೀರು ಬಸಿಯಿರಿ. ಆ ನೀರನ್ನು ಹಳ್ಳಕ್ಕೆ ಬಿಡಬೇಡಿ, ಮೀನು ಸಾಯುತ್ತವೆ.

ಕಣದಲ್ಲಿ ತೆಳ್ಳಗೆ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ. ಮಣ್ಣಿನ ಮೇಲೆ ಒಣಗಿಸಿದರೆ ಮಣ್ಣಿನ ವಾಸನೆಯೇ ಬರುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಿಗೆ ಮುಚ್ಚದಿದ್ದರೆ ಪಾರ್ಚ್‌ಮೆಂಟ್ ಸಿಪ್ಪೆ ಬಿರಿಯುತ್ತದೆ. ಸಂಜೆ ರಾಶಿ ಮಾಡಿ ಮುಚ್ಚಿ, ಇಬ್ಬನಿ ತಾಗಬಾರದು. ಏಳರಿಂದ ಹತ್ತು ದಿನಕ್ಕೆ ತೇವಾಂಶ ಶೇ 10ಕ್ಕೆ ಇಳಿಯುತ್ತದೆ. ಹಲ್ಲಲ್ಲಿ ಕಚ್ಚಿ ನೋಡಿ ನಿರ್ಧರಿಸುವುದಕ್ಕಿಂತ ತೇವಾಂಶ ಮಾಪಕ ಲೇಸು.

ತುಂಬಲು ಹೊಸ ಗೋಣಿಚೀಲವೇ ಬೇಕು. ಗೊಬ್ಬರ, ಔಷಧಿ ಬಂದ ಪ್ಲಾಸ್ಟಿಕ್ ಚೀಲ ತೊಳೆದರೂ ವಾಸನೆ ಬಿಡುವುದಿಲ್ಲ. ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ ಕ್ಯೂರಿಂಗ್‌ಗೆ (ಒಣ ಸಿಪ್ಪೆ ತೆಗೆದು ಬೀಜ ವಿಂಗಡಿಸುವಲ್ಲಿಗೆ) ಕಳಿಸಿ.